ತಕ್ಕಡಿ ಮೊದಲು, ಪ್ರೆಸ್ ಆಮೇಲೆ: ಮನೆಯಲ್ಲಿ ತೋಟೆ ತುಂಬಿಸೋಕೆ ಏನೇನು ಕೊಳ್ಳಬೇಕು

ಹೋದ ಚಳಿಗಾಲದಲ್ಲಿ ಹಾಸನದ ಹುಡುಗನೊಬ್ಬ ಫೋನ್ ಮಾಡಿದ. ಇಲ್ಲೇ ಕ್ಲೀವ್‌ಲ್ಯಾಂಡ್ ಪಕ್ಕ ಅವನಿಗೆ ಕೆಲಸ. ಗ್ರೀನ್ ಕಾರ್ಡ್ ಬಂದ ವರ್ಷವೇ ಗುರಿ ಹೊಡೆಯೋಕೆ ಅಂತ .38 ಸ್ಪೆಷಲ್ ರಿವಾಲ್ವರ್ ಕೊಂಡಿದ್ದ. "ಅಣ್ಣಾ, ರೀಲೋಡಿಂಗ್ ಪ್ರೆಸ್ ಬಂದಿದೆ, ಜೋಡಿಸೋಕೆ ಸ್ವಲ್ಪ ಬರ್ತೀರಾ?" ಅಂದ. ರೀಲೋಡಿಂಗ್ ಅಂದರೆ ಒಮ್ಮೆ ಹೊಡೆದ ತೋಟೆಯ ಖಾಲಿ ಕೇಸಿಗೆ ಮನೆಯಲ್ಲೇ ಮತ್ತೆ ಮದ್ದು, ಬುಲೆಟ್ ತುಂಬಿಸುವುದು; ಅದಕ್ಕೆ ಬೇಕಾದ ಒತ್ತುವ ಯಂತ್ರವೇ ಪ್ರೆಸ್. ಹೋಗಿ ನೋಡಿದರೆ ಊಟದ ಮೇಜಿನ ಮೇಲೆ ಒಂದು ಪ್ರೋಗ್ರೆಸಿವ್ ಪ್ರೆಸ್. ಹಿಡಿ ಒಂದು ಸಲ ಎಳೆದರೆ ಒಂದು ತೋಟೆ ಬುಟ್ಟಿಗೆ ಬೀಳುವ ಯಂತ್ರ. ಪಕ್ಕದಲ್ಲಿ ಮದ್ದಿನ ಡಬ್ಬಿ, ಪ್ರೈಮರ್, ಬುಲೆಟ್ ಎಲ್ಲ ಸಾಲಾಗಿ ಇಟ್ಟಿದ್ದ.

"ತಕ್ಕಡಿ ಎಲ್ಲಪ್ಪಾ?"

"ಅದು ಮುಂದಿನ ತಿಂಗಳು ಅಂದ್ಕೊಂಡಿದ್ದೆ ಅಣ್ಣ."

ಅವತ್ತು ಆ ಪ್ರೆಸ್ ಜೋಡಿಸಲಿಲ್ಲ. ಡಬ್ಬಕ್ಕೆ ವಾಪಸ್ ಹಾಕಿಸಿ, ಕಾಫಿ ಕುಡಿದು ಬಂದೆ. ಅವನಿಗೆ ಆಮೇಲೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ರಾಜಾಜಿನಗರದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ, ಅಂದರೆ ಲೋಹಕ್ಕೆ ಆಕಾರ ಕೊಡುವ ಅಚ್ಚಿನ ಕೆಲಸ, ಕಲಿತವನು. ಪೀಣ್ಯದಲ್ಲಿ ಒಂಬತ್ತು ವರ್ಷ ಡೈ ಮಾಡಿ ಆಮೇಲೆ ಓಹಾಯೋಗೆ ಬಂದೆ. ಇಲ್ಲಿ ಈರಿ ಸರೋವರದ ದಡದಲ್ಲಿ ಕ್ಯಾಂಪ್ ಪೆರಿ ಅಂತ ಒಂದು ಜಾಗ ಇದೆ. 1907ರಿಂದ ದೇಶದ ದೊಡ್ಡ ಗುರಿ ಸ್ಪರ್ಧೆ ಅಲ್ಲಿ ನಡೆಯುತ್ತದೆ. ಫ್ಯಾಕ್ಟರಿಯ ಹಿರಿಯನೊಬ್ಬ ಸುಮ್ನೆ ನೋಡೋಕೆ ಬಾ ಅಂತ ಕರೆದುಕೊಂಡು ಹೋದ. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕೋವಿಗಳಲ್ಲ, ಅವರ ತೋಟೆ ಡಬ್ಬಿಗಳು. ಪ್ರತಿ ಡಬ್ಬಿ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ: ಯಾವ ಮದ್ದು, ಎಷ್ಟು, ಯಾವ ತಾರೀಕು. ನಾವು ಟೂಲ್‌ರೂಮಿನಲ್ಲಿ ಬರೆಯುತ್ತಿದ್ದ ಜಾಬ್ ಕಾರ್ಡ್ ಥರಾನೇ. ಅಲ್ಲಿಗೆ ನಾನು ಹಾಳಾದೆ.

ಮೊದಲು ಕಾನೂನಿನ ಮಾತು, ಯಾಕೆಂದರೆ ಇದನ್ನು ಓದುವವರು ಬೇರೆ ಬೇರೆ ಕಡೆ ಇರುತ್ತೀರಿ. ಅಮೆರಿಕದಲ್ಲಿ ಸ್ವಂತಕ್ಕೆ ತೋಟೆ ತುಂಬಿಸಿಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಕಿಲ್ಲ. ಮಾರೋಕೆ ಮಾಡಿದರೆ ಬೇಕು. ರಾಜ್ಯ, ಊರುಗಳ ನಿಯಮ ಬೇರೆ ಇರಬಹುದು, ನೋಡಿಕೊಳ್ಳಿ. ಎಚ್‌-1ಬಿ ಥರದ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಆದರೆ ಅದನ್ನು ವಕೀಲರ ಹತ್ತಿರ ಕೇಳಿ, ನನ್ನ ಹತ್ತಿರ ಅಲ್ಲ. ಭಾರತದಲ್ಲಿರುವವರಿಗೆ ಈ ಹವ್ಯಾಸವೇ ಇಲ್ಲ ಅಂದುಕೊಳ್ಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ದೊಡ್ಡ ಅಪರಾಧ. ಕೊಡವರಿಗೆ, ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ, ಒಯ್ಯೋಕೆ. ತೋಟೆ ತಯಾರಿಸೋಕೆ ಅಲ್ಲ. ಇನ್ನೊಂದು ವಿಷಯ: ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಮುಟ್ಟಲೇಬೇಡಿ. ಒಂದು ತೋಟೆ ಜೇಬಿನ ಮೂಲೆಯಲ್ಲಿ ಉಳಿದರೂ ಬೆಂಗಳೂರು ಏರ್‌ಪೋರ್ಟಿನಲ್ಲಿ ಅಮ್ಮನ ಮುಖ ನೋಡುವ ಮುಂಚೆ ಪೊಲೀಸರ ಮುಖ ನೋಡುತ್ತೀರಿ.

ಕೆಲಸ ಏನು ಅಂತ ನಾಲ್ಕು ಮಾತಲ್ಲಿ ಹೇಳುತ್ತೇನೆ. ತೋಟೆಯಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸ್, ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ತುದಿಯಲ್ಲಿ ಬುಲೆಟ್. ಹೊಡೆದ ಮೇಲೆ ಕೇಸ್ ಉಳಿಯುತ್ತದೆ, ಸ್ವಲ್ಪ ಉಬ್ಬಿರುತ್ತದೆ. ಅದನ್ನು ಡೈಗೆ ತಳ್ಳಿ ಮೊದಲಿನ ಅಳತೆಗೆ ತರಬೇಕು, ಹಳೆ ಪ್ರೈಮರ್ ತೆಗೆದು ಹೊಸದು ಕೂರಿಸಬೇಕು, ತೂಗಿ ಮದ್ದು ಹಾಕಬೇಕು, ಬುಲೆಟ್ ಒತ್ತಬೇಕು. ಅಷ್ಟೇ. ಆದರೆ ಇದರಲ್ಲಿ ತಪ್ಪಾದರೆ ಗೊತ್ತಾಗುವುದು ಕೋವಿ ಮುಖದ ಹತ್ತಿರ ಇರುವಾಗ. ಹಾಗಾಗಿ ಸಾಮಾನು ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: ನಾನು ತಪ್ಪು ಮಾಡಿದರೆ ಇದು ನನಗೆ ತೋರಿಸುತ್ತದಾ, ಮುಚ್ಚಿಡುತ್ತದಾ? ವೇಗ ತಪ್ಪನ್ನು ಮುಚ್ಚಿಡುತ್ತದೆ.

ಯಾವ ತೋಟೆಯಿಂದ ಶುರು ಮಾಡಬೇಕು ಅಂದರೆ ರಿವಾಲ್ವರಿನ .38 ಸ್ಪೆಷಲ್ ಅನ್ನುತ್ತೇನೆ. ಕೇಸ್ ನೇರ ಲೋಟದ ಹಾಗಿದೆ, ದೊಡ್ಡದಿದೆ, ಬೆರಳಿಗೆ ಸಿಗುತ್ತದೆ. ರಿವಾಲ್ವರ್ ಖಾಲಿ ಕೇಸನ್ನು ದೂರಕ್ಕೆ ಎಸೆಯುವುದಿಲ್ಲ, ನಿಮ್ಮ ಅಂಗೈಗೇ ಕೊಡುತ್ತದೆ. ರೈಫಲ್ಲಿನ .308 ಕುತ್ತಿಗೆ ಇರುವ ಸೀಸೆಯ ಹಾಗೆ. ಅದಕ್ಕೆ ಕೆಲಸ ಜಾಸ್ತಿ, ಸಾಮಾನೂ ಜಾಸ್ತಿ. ಪಿಸ್ತೂಲಿನ 9 ಎಂಎಂ ಅಂಗಡಿಯಲ್ಲೇ ಅಗ್ಗವಾಗಿ ಸಿಗುತ್ತದೆ, ಅದಕ್ಕೋಸ್ಕರ ಇಷ್ಟೆಲ್ಲ ಒದ್ದಾಡಬೇಕಾ?

ಮೊದಲು ಕೊಳ್ಳಬೇಕಾದ್ದು ಪುಸ್ತಕ. ಲೈಮನ್, ಹಾರ್ನಡಿಯಂಥ ಕಂಪನಿಗಳು ತಾವೇ ಪರೀಕ್ಷೆ ಮಾಡಿ ಕೈಪಿಡಿ ಅಚ್ಚು ಹಾಕಿಸುತ್ತವೆ. ಯಾವ ಬುಲೆಟ್ಟಿಗೆ ಯಾವ ಮದ್ದು ಎಷ್ಟರಿಂದ ಎಷ್ಟರವರೆಗೆ ಅಂತ ಪಟ್ಟಿ ಇರುತ್ತದೆ. ಶುರುವಿನ ಅಂಕಿಯಿಂದಲೇ ಶುರು ಮಾಡಬೇಕು. ಮೇಲಿನ ಅಂಕಿ ಗುರಿಯಲ್ಲ, ಬೇಲಿ. ನಾನು ಇಲ್ಲಿ ಒಂದು ಅಂಕಿಯನ್ನೂ ಬರೆಯುವುದಿಲ್ಲ. ಯಾರಾದರೂ ಚೀಟಿಯಲ್ಲಿ ಬರೆದುಕೊಟ್ಟರೂ, ಅದು ನಾನೇ ಆದರೂ, ಕೈಪಿಡಿಯಲ್ಲಿ ನೋಡದೆ ನಂಬಬೇಡಿ. ಪ್ರೆಸ್ ಆರ್ಡರ್ ಮಾಡುವ ಮೊದಲು ಶುರುವಿನ ಪಾಠಗಳನ್ನು ಎರಡು ಸಲ ಓದಿ. ಓದುವಾಗಲೇ ಬೇಜಾರಾದರೆ ಒಳ್ಳೆಯದೇ ಆಯಿತು, ದುಡ್ಡು ಉಳಿಯಿತು.

ಎರಡನೆಯದು ತಕ್ಕಡಿ.

ಇಲ್ಲಿ ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಇದು ತಲೆಗೆ ಹತ್ತಲಿಲ್ಲ ಅಂದರೆ ಗುಲಗಂಜಿ ನೆನೆಸಿಕೊಳ್ಳಿ. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಕೆಂಪು ಬೀಜ ಸುಮಾರು ಎರಡು ಗ್ರೇನ್ ಬರುತ್ತದೆ. ರೀಲೋಡಿಂಗ್ ತಕ್ಕಡಿ ತೋರಿಸಬೇಕಾದ್ದು ಗ್ರೇನಿನ ಹತ್ತನೇ ಒಂದು ಭಾಗ. ಅಂದರೆ ಗುಲಗಂಜಿಯನ್ನು ಇಪ್ಪತ್ತು ಚೂರು ಮಾಡಿ ಅದರಲ್ಲಿ ಒಂದು ಚೂರು. ಅಷ್ಟು ಸೂಕ್ಷ್ಮ.

ನನ್ನದು ದಂಡದ ತಕ್ಕಡಿ. ಒಂದು ಕಡೆ ಪುಟ್ಟ ತಟ್ಟೆ, ಇನ್ನೊಂದು ಕಡೆ ಜರುಗಿಸುವ ಬಿಲ್ಲೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ದಂಡ ತೂಗಾಡಿ ನಿಲ್ಲೋಕೆ ಮೂರ್ನಾಲ್ಕು ಸೆಕೆಂಡ್ ಬೇಕು. ಆ ಮೂರ್ನಾಲ್ಕು ಸೆಕೆಂಡ್ ನೀವು ಸುಮ್ಮನೆ ಅದನ್ನೇ ನೋಡುತ್ತಾ ಕೂತಿರುತ್ತೀರಿ. ನನಗೆ ಅದೇ ಲಾಭ. ಡಿಜಿಟಲ್ ತಕ್ಕಡಿ ಬೇಗ ತೋರಿಸುತ್ತದೆ. ಆದರೆ ಅಗ್ಗದವು ಅರ್ಧ ಗಂಟೆಯಲ್ಲಿ ಸೊನ್ನೆಯಿಂದ ಮೆಲ್ಲಗೆ ಜಾರುತ್ತವೆ, ಜಾರಿದ್ದು ಹೇಳುವುದೂ ಇಲ್ಲ. ಯಾವುದನ್ನೇ ಕೊಳ್ಳಿ, ಜೊತೆಗೆ ಪರೀಕ್ಷೆಯ ಬಟ್ಟುಗಳ ಒಂದು ಸೆಟ್ ಕೊಳ್ಳಿ. ಕೂರುವ ಮೊದಲು ಒಂದು ಸಲ, ಏಳುವ ಮೊದಲು ಒಂದು ಸಲ ಬಟ್ಟು ಇಟ್ಟು ನೋಡಿ.

ಗಾಳಿ ತಕ್ಕಡಿಯ ಶತ್ರು. ನಗರ್ತಪೇಟೆಯ ಚಿನ್ನದಂಗಡಿಗಳಲ್ಲಿ ತಕ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವುದು ಸುಮ್ನೆ ಅಲ್ಲ. ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹೀಟರ್ ಗಾಳಿ ಬರುವ ಕಿಂಡಿ ನನ್ನ ಬೆಂಚಿನ ನೇರಕ್ಕೇ ಇತ್ತು. ಮೊದಲ ವಾರ ಒಂದೇ ಬಟ್ಟು ಒಂದೊಂದು ಸಲ ಒಂದೊಂದು ತೂಕ ತೋರಿಸಿತು. ತಕ್ಕಡಿಯೇ ಕೆಟ್ಟದ್ದು ಅಂತ ಬೈದುಕೊಂಡೆ. ಆಮೇಲೆ ಊದುಬತ್ತಿ ಹಚ್ಚಿ ದೂರದಲ್ಲಿ ನಿಂತು ನೋಡಿದೆ. ಹೊಗೆ ಸೀದಾ ತಕ್ಕಡಿ ಕಡೆ ವಾಲುತ್ತಿತ್ತು. ಕಿಂಡಿ ಮುಚ್ಚಿದೆ, ಸರಿ ಹೋಯಿತು. (ಊದುಬತ್ತಿ ಪರೀಕ್ಷೆ ಮಾಡುವಾಗ ಮದ್ದಾಗಲಿ ಪ್ರೈಮರ್ ಆಗಲಿ ಆ ಕೋಣೆಯಲ್ಲೇ ಇರಬಾರದು. ನನ್ನ ಹತ್ತಿರ ಆಗಿನ್ನೂ ಕೊಂಡಿರಲೇ ಇಲ್ಲ.)

ಈಗ ಪ್ರೆಸ್. ಮೂರು ಜಾತಿ. ಸಿಂಗಲ್ ಸ್ಟೇಜ್‌ನಲ್ಲಿ ಒಂದು ಸಲಕ್ಕೆ ಒಂದು ಡೈ, ಒಂದು ಕೆಲಸ. ಐವತ್ತು ಕೇಸಿಗೂ ಮೊದಲ ಕೆಲಸ ಮುಗಿಸಿ, ಡೈ ಬದಲಿಸಿ, ಎರಡನೆಯದು. ಟರೆಟ್‌ನಲ್ಲಿ ಡೈಗಳು ಮೇಲೆ ತಿರುಗುವ ತಟ್ಟೆಯಲ್ಲಿ ಕೂತಿರುತ್ತವೆ, ಬಿಚ್ಚಬೇಕಿಲ್ಲ, ತಿರುಗಿಸಿದರೆ ಸಾಕು. ಪ್ರೋಗ್ರೆಸಿವ್‌ನಲ್ಲಿ ಎಲ್ಲ ಕೆಲಸವೂ ಒಟ್ಟಿಗೆ, ಬೇರೆ ಬೇರೆ ಕೇಸಿನ ಮೇಲೆ. ಡಿಲನ್ ಕಂಪನಿಯ ಪ್ರೋಗ್ರೆಸಿವ್‌ಗಳು ಒಳ್ಳೆ ಯಂತ್ರಗಳು, ತಿಂಗಳಿಗೆ ಸಾವಿರ ಹೊಡೆಯುವವರಿಗೆ ಅವೇ ಬೇಕು. ಆದರೆ ಹೊಸಬನ ಕೈಗೆ ಅಲ್ಲ. ಒಂದು ಎಳೆತಕ್ಕೆ ನಾಲ್ಕು ಕಡೆ ನಾಲ್ಕು ಕೆಲಸ ಆಗುವಾಗ ಯಾವುದನ್ನು ನೋಡುತ್ತೀರಿ? ಕಣ್ಣು ಇರುವುದು ಎರಡೇ.

ಸಿಂಗಲ್ ಸ್ಟೇಜ್ ಕೊಳ್ಳಿ. ಎರಕದ ಕಬ್ಬಿಣದ್ದು, ಓ ಅಕ್ಷರದ ಹಾಗೆ ಮುಚ್ಚಿದ ಮೈ ಇರುವಂಥದ್ದು. ಸಿ ಆಕಾರದ್ದು ಒತ್ತಡಕ್ಕೆ ಸ್ವಲ್ಪ ಬಾಯಿ ತೆರೆಯುತ್ತದೆ; ಪವರ್ ಪ್ರೆಸ್ ನೋಡಿದ ಯಾರಿಗಾದರೂ ಇದು ಗೊತ್ತು. ಆರ್‌ಸಿಬಿಎಸ್‌ನ ರಾಕ್ ಚಕರ್, ಲೀ ಕಂಪನಿಯ ಕ್ಲಾಸಿಕ್ ಕಾಸ್ಟ್ ಇವೆರಡೂ ನಾನು ಬಳಸಿದ್ದೇನೆ. ರಾಕ್ ಚಕರ್ ಕಿಟ್ ಆಗಿ ಬರುತ್ತದೆ, ತಕ್ಕಡಿ, ಮದ್ದಿನ ಅಳತೆ ಯಂತ್ರ ಎಲ್ಲ ಸೇರಿ. ಕ್ಲಾಸಿಕ್ ಕಾಸ್ಟ್‌ನಲ್ಲಿ ಹಳೆ ಪ್ರೈಮರ್ ರ‍್ಯಾಮಿನ (ಕೇಸನ್ನು ಮೇಲೆತ್ತುವ ಕಂಬ) ಹೊಟ್ಟೆಯೊಳಗಿಂದಲೇ ಪೈಪಿನಲ್ಲಿ ಕೆಳಗಿಳಿದು ಹೋಗುತ್ತದೆ, ಮಸಿ ಹೊರಗೆ ಚೆಲ್ಲುವುದಿಲ್ಲ. ಬೆಲೆಯೂ ಕಮ್ಮಿ. ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಎರಕದ ಪ್ರೆಸ್ ಬೇಗ ಹಾಳಾಗುವುದಿಲ್ಲ. ರ‍್ಯಾಮನ್ನು ಪೂರ್ತಿ ಮೇಲೆತ್ತಿ ಬೆರಳಲ್ಲಿ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಲಟಪಟ ಅಂದರೆ ಬಿಡಿ. ಇನ್ನೊಂದು: ನಾಳೆ ಪ್ರೋಗ್ರೆಸಿವ್ ಕೊಂಡರೂ ಸಿಂಗಲ್ ಸ್ಟೇಜ್ ಮೂಲೆಗೆ ಬೀಳುವುದಿಲ್ಲ. ಒಂದಲ್ಲ ಒಂದು ಕೆಲಸ ಅದಕ್ಕೆ ಇದ್ದೇ ಇರುತ್ತದೆ.

ಪ್ರೆಸ್ಸಿಗಿಂತ ಬೆಂಚ್ ಮುಖ್ಯ ಅಂದರೆ ನಗುತ್ತಾರೆ. ಊಟದ ಮೇಜಿಗೆ ಸಿ-ಕ್ಲಾಂಪ್ ಹಾಕಿ ಮಾಡುವ ಕೆಲಸ ಅಲ್ಲ ಇದು. ಹಿಡಿ ಒತ್ತಿದಾಗ ಮೇಜೇ ಎದ್ದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ನಾನು ದಪ್ಪ ಪ್ಲೈವುಡ್ ಎರಡು ಪದರ ಸೇರಿಸಿ, ಹಿಂದೆ ಗೋಡೆಯ ಮರದ ಕಂಬಗಳಿಗೇ ಬೋಲ್ಟ್ ಹಾಕಿದೆ.

ಡೈಗಳ ವಿಷಯದಲ್ಲಿ ಒಂದು ಸಂತೋಷದ ಸುದ್ದಿ. ಹೆಚ್ಚುಕಮ್ಮಿ ಎಲ್ಲ ಕಂಪನಿಯವರೂ ಒಂದೇ ಥ್ರೆಡ್ ಇಟ್ಟಿದ್ದಾರೆ: ಎಂಟರಲ್ಲಿ ಏಳು ಇಂಚು, ಇಂಚಿಗೆ 14 ಸುತ್ತು. ಲೀ ಡೈ ಆರ್‌ಸಿಬಿಎಸ್ ಪ್ರೆಸ್ಸಿಗೆ ಕೂರುತ್ತದೆ, ಹಾರ್ನಡಿ ಡೈ ಲೀ ಪ್ರೆಸ್ಸಿಗೆ ಕೂರುತ್ತದೆ. ಪೀಣ್ಯದಲ್ಲಿ ಪ್ರತಿ ಕಸ್ಟಮರ್ ಒಂದೊಂದು ಥ್ರೆಡ್ ಕೇಳುತ್ತಿದ್ದ ಕಾಲ ನೆನೆದರೆ ಇದು ಸ್ವರ್ಗ. ಆದರೆ ಶೆಲ್ ಹೋಲ್ಡರ್ ನಂಬರಿನಲ್ಲಿ ಮೋಸ ಹೋಗಬೇಡಿ. ಕೇಸಿನ ತಳವನ್ನು ಹಿಡಿಯುವ ಪುಟ್ಟ ಬಿಲ್ಲೆ ಅದು. .38ಕ್ಕೆ ಆರ್‌ಸಿಬಿಎಸ್‌ನವರದು 6ನೇ ನಂಬರ್, ಲೀಯವರದು 1. ಒಬ್ಬರ ನಂಬರ್ ಹೇಳಿ ಇನ್ನೊಬ್ಬರದು ಕೊಂಡರೆ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ.

.38ಕ್ಕೆ ಕಾರ್ಬೈಡ್ ಡೈ ಸೆಟ್ ಕೊಳ್ಳಿ. ಕಾರ್ಬೈಡ್ ರಿಂಗ್ ಎಷ್ಟು ನುಣುಪು ಅಂದರೆ ಕೇಸಿಗೆ ಎಣ್ಣೆ ಸವರಬೇಕಿಲ್ಲ. ಸೆಟ್‌ನಲ್ಲಿ ಮೂರು ಡೈ: ಅಳತೆಗೆ ತರುವುದು, ಬಾಯಿ ಸ್ವಲ್ಪ ಅಗಲಿಸುವುದು, ಬುಲೆಟ್ ಕೂರಿಸಿ ಬಾಯಿ ಬಿಗಿಯುವುದು. ಬಾಯಿ ಅಗಲಿಸುವಾಗ ದುರಾಸೆ ಬೇಡ. ಬುಲೆಟ್ ಮೇಲೆ ನಿಂತುಕೊಳ್ಳುವಷ್ಟು ಸಾಕು. ಜಾಸ್ತಿ ಅಗಲಿಸಿದರೆ ನಾಲ್ಕೈದು ಸಲಕ್ಕೆ ಬಾಯಿ ಸೀಳುತ್ತದೆ.

ಪ್ರೈಮರ್ ಕೂರಿಸೋಕೆ ಪ್ರೆಸ್ಸಿನಲ್ಲೇ ವ್ಯವಸ್ಥೆ ಇರುತ್ತದೆ. ಆದರೂ ಕೈಯಲ್ಲಿ ಹಿಡಿದು ಒತ್ತುವ ಉಪಕರಣ ಬೇರೆ ಕೊಳ್ಳಿ. ಪ್ರೆಸ್ಸಿನ ಉದ್ದ ಹಿಡಿಗೆ ಬಲ ಜಾಸ್ತಿ, ಸೂಕ್ಷ್ಮ ಕಮ್ಮಿ. ಕೈ ಉಪಕರಣದಲ್ಲಿ ಪ್ರೈಮರ್ ಗುಳಿಯ ತಳ ಮುಟ್ಟಿದ್ದು ಹೆಬ್ಬೆರಳಿಗೆ ತಿಳಿಯುತ್ತದೆ. ಒತ್ತುವಾಗ ಒಂದೇ ಸಮನಾದ ಬಿಗಿ, ಆಮೇಲೆ ಒಂದು ಗಟ್ಟಿ ನಿಲುಗಡೆ. ಪ್ರೈಮರ್ ಕೇಸಿನ ತಳಕ್ಕಿಂತ ಮೂರರಿಂದ ಐದು ಥೌ ಒಳಗೆ ಕೂರಬೇಕು, ಅಂದರೆ ಇಂಚಿನ ಸಾವಿರ ಭಾಗದಲ್ಲಿ ಮೂರರಿಂದ ಐದು. ತೋರು ಬೆರಳು ಸವರಿ ನೋಡಿ. ಸಣ್ಣ ತಗ್ಗು ಸಿಕ್ಕರೆ ಸರಿ. ಉಬ್ಬು ಸಿಕ್ಕರೆ ಅದು ರಿವಾಲ್ವರಿನ ಸಿಲಿಂಡರ್ ತಿರುಗದ ಹಾಗೆ ತಡೆಯುತ್ತದೆ. ಬಿಗಿಯೇ ಇಲ್ಲದೆ ಪ್ರೈಮರ್ ಸಲೀಸಾಗಿ ಜಾರಿ ಕೂತರೆ ಕೇಸಿನ ಗುಳಿ ಸವೆದಿದೆ, ಎಸೆಯಿರಿ. ಇದನ್ನೆಲ್ಲ ಹೇಳೋಕೆ ಯಾವ ಮೀಟರೂ ಬೇಡ. ಈ ಕೆಲಸದಲ್ಲಿ ಕಣ್ಣು ಕಾಪಾಡುವ ಕನ್ನಡಕ ಮಾತ್ರ ಬಿಡಬೇಡಿ. ಪ್ರೈಮರ್‌ಗಳನ್ನು ಬಂದ ಡಬ್ಬಿಯಲ್ಲೇ ಇಡಿ. ಗಾಜಿನ ಬಾಟಲಿಗೆ ಸುರಿದು ಇಟ್ಟವರ ಕಥೆ ಚೆನ್ನಾಗಿ ಮುಗಿಯುವುದಿಲ್ಲ.

ಮದ್ದು ಹಾಕೋಕೆ ಅಳತೆ ಯಂತ್ರ ಇರುತ್ತದೆ. ಮೇಲೆ ಡಬ್ಬಿ, ಪಕ್ಕದಲ್ಲಿ ಹಿಡಿ. ಎತ್ತಿ ಇಳಿಸಿದರೆ ಒಂದು ಅಳತೆ ಬೀಳುತ್ತದೆ. ಒಳ್ಳೆಯದೇ, ಆದರೆ ಅದು ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಹಾಗಾಗಿ ಮೊದಲ ಐದಾರು ಅಳತೆ ತಕ್ಕಡಿಗೆ, ಆಮೇಲೆ ಹತ್ತಕ್ಕೊಂದು ತಕ್ಕಡಿಗೆ. ಮೊದಲ ನೂರು ತೋಟೆ ನಾನು ಒಂದೊಂದನ್ನೂ ತೂಗಿಯೇ ಮಾಡಿದೆ. ನೀವೂ ಹಾಗೇ ಮಾಡಿ.

ಇನ್ನು ಕೆಲವೇ ಡಾಲರಿಗೆ ಬರುವ ಒಂದು ಸಾಮಾನು. ಲೋಡಿಂಗ್ ಬ್ಲಾಕ್. ಐವತ್ತು ತೂತಿರುವ ಮರದ ಅಥವಾ ಪ್ಲಾಸ್ಟಿಕ್ ಹಲಗೆ, ಕೇಸುಗಳು ನೆಟ್ಟಗೆ ನಿಲ್ಲೋಕೆ. ಎರಡು ಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

.38 ಸ್ಪೆಷಲ್ ಬಂದದ್ದು 1898ರಲ್ಲಿ, ಕಪ್ಪು ಮದ್ದಿನ ಕಾಲದಲ್ಲಿ. ಆ ಮದ್ದಿಗೆ ಜಾಗ ಜಾಸ್ತಿ ಬೇಕಿತ್ತು, ಅದಕ್ಕೆ ಕೇಸ್ ಅಷ್ಟು ಉದ್ದ. ಈಗಿನ ಹೊಗೆಯಿಲ್ಲದ ಮದ್ದಿಗೆ ಅಷ್ಟು ಜಾಗ ಬೇಡ. ಕೇಸಿನ ತಳದಲ್ಲಿ ಒಂದು ಚಿಟಿಕೆ ಕೂರುತ್ತದೆ. ಅಂದರೆ ತಪ್ಪಿ ಎರಡು ಸಲ ಹಾಕಿದರೂ ಚೆಲ್ಲುವುದಿಲ್ಲ, ಬುಲೆಟ್ ಆರಾಮಾಗಿ ಮೇಲೆ ಕೂರುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅಂಥ ತೋಟೆ ರಿವಾಲ್ವರನ್ನೇ ಸೀಳಬಲ್ಲದು.

ಒಂದು ರಾತ್ರಿ ಒಂಬತ್ತು ಗಂಟೆ. ಚಳಿಗಾಲ, ಅಮ್ಮನಿಗೆ ಬೆಂಗಳೂರಿನಲ್ಲಿ ಬೆಳಿಗ್ಗೆ ಏಳೂವರೆ. ಆಕೆ ಫೋನ್ ಮಾಡುವ ಹೊತ್ತು. ನಾನು ಮೂರನೇ ಸಾಲಿಗೆ ಮದ್ದು ಹಾಕುತ್ತಿದ್ದೆ. ಫೋನ್ ಹೊಡೆದುಕೊಂಡಿತು, ತೆಗೆದೆ. ಹಾಲಿನವನು ಬಂದಿಲ್ಲ, ಮೇಲಿನ ಮನೆಯವರು ನೀರು ಜಾಸ್ತಿ ಖರ್ಚು ಮಾಡುತ್ತಾರೆ, ಹೀಗೆ ಇಪ್ಪತ್ತು ನಿಮಿಷ. ವಾಪಸ್ ಬಂದು ಕೂತು, ನಿಲ್ಲಿಸಿದ್ದೆ ಅಂದುಕೊಂಡ ಕಡೆಯಿಂದ ಮುಂದುವರಿಸಿದೆ. ಐವತ್ತೂ ಮುಗಿದ ಮೇಲೆ ಬುಲೆಟ್ ಇಡುವ ಮುಂಚೆ ಸಣ್ಣ ಟಾರ್ಚ್ ಹಿಡಿದು ಸಾಲು ಸಾಲಾಗಿ ಬಗ್ಗಿ ನೋಡುವುದು ನನ್ನ ಪದ್ಧತಿ. ಎಲ್ಲ ಕೇಸಿನಲ್ಲೂ ಬೂದು ಬಣ್ಣದ ಮದ್ದು ಒಂದೇ ಮಟ್ಟದಲ್ಲಿ. ಮೂರನೇ ಸಾಲಿನ ನಾಲ್ಕನೆಯದರಲ್ಲಿ ಮಾತ್ರ ಅದರ ಎರಡರಷ್ಟು ಮೇಲೆ. ಪಾಯಸದ ಲೋಟಗಳ ಸಾಲಲ್ಲಿ ಒಂದು ಲೋಟಕ್ಕೆ ಎರಡು ಸೌಟು ಬಿದ್ದ ಹಾಗೆ. ನೋಡಿದ ಕೂಡಲೇ ಕೈ ತಣ್ಣಗಾಯಿತು. ಅವತ್ತು ಐವತ್ತನ್ನೂ ಬಗ್ಗಿಸಿ ಮದ್ದು ವಾಪಸ್ ಅದರದೇ ಡಬ್ಬಿಗೆ ಸುರಿದು, ದೀಪ ಆರಿಸಿ ಮೇಲೆ ಹೋದೆ.

ಆ ರಾತ್ರಿ ಆದ ಮೇಲೆ ಎರಡನೇ ಬ್ಲಾಕ್ ಕೊಂಡೆ. ಮದ್ದು ಹಾಕಬೇಕಾದ ಕೇಸುಗಳು ಎಡಗಡೆ ಬ್ಲಾಕಿನಲ್ಲಿ, ತಲೆಕೆಳಗಾಗಿ. ಒಂದನ್ನು ಎತ್ತಿ, ನೆಟ್ಟಗೆ ಮಾಡಿ, ಮದ್ದು ಹಾಕಿ, ಬಲಗಡೆ ಬ್ಲಾಕಿಗೆ. ತಲೆಕೆಳಗಾದ ಕೇಸಿನಲ್ಲಿ ಮದ್ದು ಇರೋಕೆ ಸಾಧ್ಯವೇ ಇಲ್ಲ, ಅಲ್ವಾ? ಫೋನು ಈಗ ಮೇಲೆ ಅಡುಗೆಮನೆಯಲ್ಲೇ ಇರುತ್ತದೆ. ಅಮ್ಮನಿಗೆ ಹೇಳಿದ್ದೇನೆ, ಶನಿವಾರ ರಾತ್ರಿ ನಾನು ಕೆಳಗೆ ಇರ್ತೀನಿ ಅಂತ. "ಏನ್ ಮಾಡ್ತೀಯೋ ಕೆಳಗೆ?" ಅಂತ ಇನ್ನೂ ಕೇಳುತ್ತಾಳೆ.

ಸಾಧ್ಯವಾದರೆ ಕೈಪಿಡಿಯ ಪಟ್ಟಿಯಲ್ಲಿ ಕೇಸಿನ ಅರ್ಧಕ್ಕಿಂತ ಜಾಸ್ತಿ ತುಂಬುವ ಮದ್ದನ್ನೇ ಆರಿಸಿ. ಎರಡು ಸಲ ಹಾಕಿದರೆ ಅದೇ ಚೆಲ್ಲಿ ಹೇಳುತ್ತದೆ. ಬೆಂಚಿನ ಮೇಲೆ ಯಾವಾಗಲೂ ಒಂದೇ ಮದ್ದಿನ ಡಬ್ಬಿ. ಕೆಲಸ ಮುಗಿದ ಮೇಲೆ ಅಳತೆ ಯಂತ್ರ ಖಾಲಿ ಮಾಡಿಯೇ ಏಳಬೇಕು. ಯಾವ ಮದ್ದು ಅಂತ ಅನುಮಾನ ಬಂದರೆ ಅದನ್ನು ಉಪಯೋಗಿಸಬೇಡಿ. ನಾನು ಅಂಥದ್ದನ್ನು ಹಿತ್ತಲ ಹುಲ್ಲಿನ ಮೇಲೆ ತೆಳ್ಳಗೆ ಎರಚುತ್ತೇನೆ.

ಸಣ್ಣಪುಟ್ಟ ಸಾಮಾನಿನಲ್ಲಿ ಎರಡು ಬೇಕೇ ಬೇಕು. ಆರು ಇಂಚಿನ ವರ್ನಿಯರ್ ಕ್ಯಾಲಿಪರ್, ಕೇಸಿನ ಉದ್ದ, ಪೂರ್ತಿ ತೋಟೆಯ ಉದ್ದ ನೋಡೋಕೆ. .38 ಕೇಸ್ 1.155 ಇಂಚು ದಾಟಬಾರದು, .308 ಆದರೆ 2.015. ಇನ್ನೊಂದು ಬುಲೆಟ್ ಕೀಳುವ ಸುತ್ತಿಗೆ. ಪೊಳ್ಳು ಪ್ಲಾಸ್ಟಿಕ್ ತಲೆ. ಒಳಗೆ ತಪ್ಪಾದ ತೋಟೆ ಇಟ್ಟು ಮರದ ತುಂಡಿನ ಮೇಲೆ ಕುಟ್ಟಿದರೆ ಬುಲೆಟ್, ಮದ್ದು ಎರಡೂ ಹೊರಗೆ ಬರುತ್ತವೆ. ಇದನ್ನು ಕೊಳ್ಳದವರು ಅನುಮಾನದ ತೋಟೆಯನ್ನು "ಏನೂ ಆಗಲ್ಲ ಬಿಡು" ಅಂತ ಹೊಡೆದುಬಿಡುತ್ತಾರೆ.

ಕೇಸ್ ತೊಳೆಯುವ ವಿಷಯಕ್ಕೆ ಬಂದರೆ, ಹಿತ್ತಾಳೆ ನೋಡಿದ ಕೂಡಲೇ ನಮಗೆ ಹುಣಸೆಹಣ್ಣು ನೆನಪಾಗುತ್ತದೆ. ನಾನೂ ಹಾಕಿದೆ. ಕೇಸುಗಳು ದೇವರ ದೀಪದ ಹಾಗೆ ಬೆಳಗಿದವು. ಆದರೆ ಹುಣಸೆ ನಾರು ಪ್ರೈಮರ್ ಗುಳಿಯ ಸಣ್ಣ ತೂತಿನಲ್ಲಿ ಸಿಕ್ಕಿಕೊಂಡು, ಒಂದೊಂದನ್ನೂ ಸೂಜಿಯಲ್ಲಿ ಕೆದಕಬೇಕಾಯಿತು. ಹೆಂಡತಿಗೆ ಸಾರಿಗೆ ಹುಣಸೆಹಣ್ಣು ಉಳಿಯಲಿಲ್ಲ, ಅದು ಬೇರೆ ಕಥೆ. ಅದರ ಬದಲು ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಒಂದು ಚಿಟಿಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಆಮೇಲೆ ಚೆನ್ನಾಗಿ ಒಣಗಿಸಿ. ಮುಂದೆ ಬೇಕಾದರೆ ಜೋಳದ ದಿಂಡಿನ ಪುಡಿ ಹಾಕಿ ಅಲುಗಾಡಿಸುವ ಟಂಬ್ಲರ್ ಕೊಳ್ಳಿ. ಅದರ ಧೂಳಿನಲ್ಲಿ ಸೀಸ ಇರುತ್ತದೆ, ಮುಚ್ಚಳ ತೆಗೆಯುವುದು ಮನೆಯ ಹೊರಗೆ. ಕೆಲಸ ಆದ ಮೇಲೆ ಕೈ ತೊಳೆಯದೆ ಚಕ್ಕುಲಿ ಮುಟ್ಟಬೇಡಿ.

ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡವೇ ಬೇಡ. ಇದಕ್ಕೆ ನಮ್ಮ ಕಡೆಯದೇ ಒಂದು ಹಳೆ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯ ಮಳೆಗಾಲದಲ್ಲಿ ತೋಟೆಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಹಿತ್ತಾಳೆ ಕೇಸುಗಳಲ್ಲಿ ಬಿರುಕು. ಯಾರೂ ಹೊಡೆದಿಲ್ಲ, ಬೀಳಿಸಿಲ್ಲ. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಮೇಲೆ ಮಳೆಗಾಲದ ತೇವ, ಒಳಗೆ ಕೇಸ್ ಎಳೆದು ಮಾಡುವಾಗ ಲೋಹದಲ್ಲಿ ಉಳಿದ ಬಿಗಿತ. ಮೂರೂ ಸೇರಿ ಸೀಳುತ್ತಿತ್ತು. ಇದರ ಗುಟ್ಟು ಬಿಡಿಸಿದ್ದು 1921ರಲ್ಲಿ. ತಗಡನ್ನು ಲೋಟದ ಹಾಗೆ ಎಳೆಯುವ ಡೀಪ್ ಡ್ರಾಯಿಂಗ್ ಕೆಲಸ ಮಾಡಿದ ನನಗೆ ಇದು ಬಹಳ ಇಷ್ಟದ ಕಥೆ, ಅದಕ್ಕೇ ಸ್ವಲ್ಪ ಎಳೆದೆ.

ರೈಫಲ್ .308ಕ್ಕೆ ಹೋಗುವವರಿಗೆ ಮೇಲೆ ಇನ್ನೂ ಮೂರು ಖರ್ಚು: ಕೇಸಿಗೆ ಸವರುವ ಲೂಬ್, ಉದ್ದ ಕತ್ತರಿಸುವ ಟ್ರಿಮ್ಮರ್, ಬಾಯಿಯ ಅಂಚು ನಯ ಮಾಡುವ ಚೇಂಫರ್ ಟೂಲ್. ಲೂಬ್ ಮರೆಯಬೇಡಿ. ನಾನು ಮೊದಲ ದಿನ ಜಿಪುಣತನ ಮಾಡಿ ತೆಳ್ಳಗೆ ಸವರಿದೆ. ಮೂರನೇ ಕೇಸ್ ಡೈನಲ್ಲಿ ಹೋಗಿ ಕೂತಿತು. ಹಿಡಿ ಎತ್ತಿದರೆ ಶೆಲ್ ಹೋಲ್ಡರ್ ಕೇಸಿನ ಅಂಚನ್ನು ಕಿತ್ತುಕೊಂಡು ಬಂತು, ಕೇಸ್ ಅಲ್ಲೇ. ತಳಕ್ಕೆ 7ನೇ ನಂಬರ್ ಡ್ರಿಲ್ ಹಾಕಿ, ಕಾಲು ಇಂಚು 20ರ ಟ್ಯಾಪ್ ಹೊಡೆದು, ವಾಷರ್ ಇಟ್ಟು ಬೋಲ್ಟ್ ಬಿಗಿಯುತ್ತಾ ಹೋದರೆ ಕೊನೆಗೆ "ಟಕ್" ಅಂತ ಬಿಟ್ಟುಕೊಂಡಿತು. ಇದಕ್ಕೇ ಅಂತ ಕಿಟ್ ಮಾರುತ್ತಾರೆ. ನನ್ನ ಹತ್ತಿರ ಟ್ಯಾಪ್ ಸೆಟ್ ಇತ್ತು, ಮರ್ಯಾದೆ ಉಳಿಯಿತು.

ಇಡುವ ಜಾಗ. ಅಮೆರಿಕದ ಅಗ್ನಿ ಸುರಕ್ಷತೆಯ ಸಂಹಿತೆ ಎನ್‌ಎಫ್‌ಪಿಎ 495ರ ಪ್ರಕಾರ ಮನೆಯಲ್ಲಿ 20 ಪೌಂಡ್‌ವರೆಗೆ ಹೊಗೆಯಿಲ್ಲದ ಮದ್ದನ್ನು ಅದರದೇ ಡಬ್ಬಿಗಳಲ್ಲಿ ಇಡಬಹುದು, ಪ್ರೈಮರ್ 10,000. ನಿಮ್ಮ ಊರಿನದು ಇನ್ನೂ ಕಮ್ಮಿ ಇರಬಹುದು. ನಿಮಗೆ ಅಷ್ಟು ಬೇಕೂ ಇಲ್ಲ. ಒಂದು ಪೌಂಡ್ ಮದ್ದು, ಒಂದು ಸಾವಿರ ಪ್ರೈಮರ್ ಕೊಂಡರೆ ವರ್ಷ ಕಳೆಯುತ್ತದೆ. ಮದ್ದನ್ನು ಗಟ್ಟಿ ಕಬ್ಬಿಣದ ತಿಜೋರಿಯಲ್ಲಿ ಬೀಗ ಹಾಕಿ ಇಡಬೇಡಿ. ಬೆಂಕಿ ಬಿದ್ದರೆ ಬಿಡಿಯಾಗಿ ಉರಿದು ಹೋಗುವ ಮದ್ದು ಅದರೊಳಗೆ ಬಾಂಬ್ ಆಗುತ್ತದೆ. ಮರದ ಬೀರು, ಬೀಗ, ಮಕ್ಕಳ ಕೈಗೆ ಸಿಗದ ಎತ್ತರ. ನೀರು ಕಾಯಿಸುವ ಹಂಡೆ, ಫರ್ನೇಸ್ ಇರುವ ಕೋಣೆ ಬೇಡ. ಬೇಸ್‌ಮೆಂಟಿನಲ್ಲಿ ಎಲ್ಲರೂ ಅಲ್ಲೇ ಇಡುತ್ತಾರೆ, ಅದೇ ತಪ್ಪು.

ದುಡ್ಡು ಉಳಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. 2020ಕ್ಕೆ ಮುಂಚೆ ಸಾವಿರ ಪ್ರೈಮರ್ 30–35 ಡಾಲರಿಗೆ ಸಿಗುತ್ತಿತ್ತು. ಆಮೇಲೆ ಅಂಗಡಿಗಳು ಖಾಲಿಯಾದವು, ಬೆಲೆ ಎರಡು ಮೂರು ಪಟ್ಟಾಯಿತು. ಕೊರಿಯರ್ ಮೂಲಕ ತರಿಸಿದರೆ ಅಪಾಯದ ಸಾಮಾನು ಅಂತ ಮೇಲೆ ಒಂದು ಶುಲ್ಕ. ಉಳಿಸೋಕೆ ಅಂತ ಬರಬೇಡಿ.

ಹಾಸನದ ಹುಡುಗ ಕೊನೆಗೆ ಸೆಕೆಂಡ್ ಹ್ಯಾಂಡ್ ಸಿಂಗಲ್ ಸ್ಟೇಜ್ ಒಂದನ್ನು ಹಿಡಿದ. ತಕ್ಕಡಿ ಮೊದಲೇ ಬಂದಿತ್ತು. ಮಾರ್ಚ್‌ನಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ಕೂತು ಅವನ ಕೈಯಿಂದಲೇ ಹತ್ತು ತೋಟೆ ಮಾಡಿಸಿದೆ. ಹತ್ತೇ. ಎರಡು ಗಂಟೆ ಹಿಡಿಯಿತು. ಡಬ್ಬಿಗೆ ಚೀಟಿ ಬರೆದು ಅಂಟಿಸಿದ: ಮದ್ದು, ತೂಕ, ಬುಲೆಟ್, ಪ್ರೈಮರ್, ಉದ್ದ, ತಾರೀಕು.

ಮೊದಲ ಸಲ ಹೊಡೆಯುವಾಗ ಸಿಲಿಂಡರಿನಲ್ಲಿ ಒಂದೇ ತೋಟೆ ಇಡಬೇಕು. ಹೊಡೆದು, ಕೇಸ್ ತೆಗೆದು ನೋಡಿ, ಆಮೇಲೆ ಮುಂದಿನದು. ಸದ್ದು "ಢಂ" ಅನ್ನದೆ "ಪುಸ್" ಅಂದರೆ, ಕೈಗೆ ಒದೆತ ಬರದೇ ಇದ್ದರೆ, ಅಲ್ಲಿಗೇ ನಿಲ್ಲಿಸಿ. ಮದ್ದಿಲ್ಲದ ತೋಟೆಯ ಬುಲೆಟ್ ನಳಿಕೆಯಲ್ಲೇ ಸಿಕ್ಕಿಕೊಂಡಿರುತ್ತದೆ, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಸೀಳುತ್ತದೆ. ಕೋವಿ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಖಾಲಿ ಮಾಡಿ, ನಳಿಕೆಯಲ್ಲಿ ಬೆಳಕು ಕಾಣುತ್ತದಾ ನೋಡಿ. ಬ್ಯಾಗಿನಲ್ಲಿ ಒಂದು ಹಿತ್ತಾಳೆ ಸರಳು ಇರಲಿ.

ಅವನು ಹತ್ತನ್ನೂ ಹಾಗೇ ಹೊಡೆದ. ಕನ್ನಡಕ ಬೆವತು ಮಂಜಾಗಿತ್ತು. ಕೊನೆಗೆ ಕೇಸುಗಳನ್ನು ಅಂಗೈಗೆ ಸುರಿದುಕೊಂಡು ಬಾಯಲ್ಲಿ ಎಣಿಸುತ್ತಾ ನಿಂತ.

"ಹತ್ತೂ ಇವೆ ಅಣ್ಣ. ಇವತ್ತೇ ಮತ್ತೆ ತುಂಬೋಣ್ವಾ?"

"ಶನಿವಾರ ಬಾ," ಅಂದೆ. "ಫೋನು ಕಾರಲ್ಲೇ ಬಿಟ್ಟು ಬಾ."